ಲೀಡರ್ ಕೆಳಗೆ, ವೈಸ್ ಲೀಡರ್ ಮೇಲೆ

(ಕಳೆದ ತಿಂಗಳು ನಮ್ಮೂರಲ್ಲಿ ಸಿನಿಮಾ ಹುಚ್ಚಿರೋ ಒಂದು ಇಪ್ಪತ್ತೈದು ಜನ ಸೇರಿದ್ವಿ, ಅಲ್ಲಿ ಸ್ಮಾಲ್ ಟೌನ್ ರೈವಲ್ಸ್ ಅನ್ನೋ ಕೊರಿಯನ್ ಸಿನಿಮಾ ಬಗ್ಗೆ ಮಾತಾಡಿದ್ದಿದು. ಯಾರೋ ಮೊಬೈಲಲ್ಲಿ ರೆಕಾರ್ಡ್ ಮಾಡಿದ್ರು, ಅದನ್ನ ಕೇಳ್ಕೊಂಡು ಬರೆದಿದೀನಿ. ಕೆಮ್ಮಿದ್ದು, ಮಧ್ಯ ಕರೆಂಟ್ ಹೋಗಿದ್ದು ಬಿಟ್ರೆ ಮಿಕ್ಕಿದ್ದು ಹೆಚ್ಚೂಕಡಿಮೆ ಹಾಗೇ ಇದೆ.)

ಎಲ್ರಿಗೂ ನಮಸ್ಕಾರ. ಹಿಂದೆ ಕೂತಿರೋರಿಗೆ ಕೇಳಿಸ್ತಿದೆಯಾ? ಆ... ಆ... ಮೈಕ್ ಟೆಸ್ಟಿಂಗ್.

ನಗಬೇಡಿ, ಭಾಷಣ ಆಗ್ಲೇ ಶುರುವಾಗಿದೆ. ಕೊರಿಯಾದ ಹಳ್ಳಿಗಳಲ್ಲಿ ಕಂಬಕ್ಕೆ ಕಟ್ಟಿರೋ ಸ್ಪೀಕರಲ್ಲಿ ಬೆಳಬೆಳಗ್ಗೆ ಇದೇ ಕೇಳಿಸೋದು, ಆ ಆ ಮೈಕ್ ಟೆಸ್ಟ್, ಗೊಬ್ಬರ ಬಂದಿದೆ ಬೇಕಾದೋರು ಬಂದು ತಗೊಂಡ್ಹೋಗಿ, ಇವತ್ತು ಸಂಜೆ ಮೀಟಿಂಗ್ ಇದೆ ಮರೀಬೇಡಿ ಅಂತ. ಆ ಮೈಕ್ ಮುಂದೆ ಕೂತಿರೋ ಮನುಷ್ಯನ್ನ ಇಜಾಂಗ್ ಅಂತಾರೆ. ಊರಿನ ಮುಖ್ಯಸ್ಥ ಅಂದ್ಕೊಳ್ಳಿ. ಸರ್ಕಾರಿ ನೌಕರ ಅಲ್ಲ, ಊರೋರೇ ಸೇರಿ ಇವನಿರ್ಲಿ ಅಂತಾರೆ, ಮೇಲಿನ ಆಫೀಸಿನೋರು ನೇಮಕ ಮಾಡ್ತಾರೆ, ಕೈಗೊಂದಿಷ್ಟು ಭತ್ಯೆ ಕೊಡ್ತಾರೆ. ಈ ಸಿನಿಮಾ ಬಂದಾಗ ಅದು ತಿಂಗಳಿಗೆ 2 ಲಕ್ಷ ವಾನ್ ಇತ್ತು. ಲಕ್ಷ ಅಂದ ತಕ್ಷಣ ಕಣ್ಣರಳಿಸ್ಬೇಡಿ, ಆಗಿನ ಲೆಕ್ಕದಲ್ಲಿ ಇನ್ನೂರು ಚಿಲ್ಲರೆ ಡಾಲರ್ ಅಷ್ಟೆ, ಅದೂ ಊರೋರ ಮದುವೆ ತಿಥಿ ಅಂತ ಓಡಾಡೋದ್ರಲ್ಲೇ ಕರಗಿಹೋಗುತ್ತೆ.

ಇನ್ನೊಂದು ಪದ ಗುನ್ಸು. ಗುನ್ ಅಂದ್ರೆ ಗಾತ್ರದಲ್ಲಿ ನಮ್ಮ ತಾಲೂಕಿನ ಹತ್ರ ಬರೋ ಒಂದು ಘಟಕ, ಅದರ ದೊರೆ ಗುನ್ಸು. ತಹಶೀಲ್ದಾರ್ ಥರ ಅಂತೀರೇನೋ, ಅಲ್ಲ, ಇವನನ್ನ ಜನ ಓಟ್ ಹಾಕಿ ಆರಿಸ್ತಾರೆ, ಬಜೆಟ್ ಇವನ ಕೈಲಿರುತ್ತೆ, ನಾಲ್ಕು ವರ್ಷ ಇವನೇ.

ಇಜಾಂಗ್, ಗುನ್ಸು, ಇವೆರಡೂ ಸೇರಿದ್ರೆ ಸಿನಿಮಾದ ಹೆಸರು. ಇಜಾಂಗ್-ಗ್ವಾ ಗುನ್ಸು, 2007ರ ಮಾರ್ಚಲ್ಲಿ ರಿಲೀಸ್ ಆಯ್ತು, ಹೊರದೇಶಕ್ಕೆ ಸ್ಮಾಲ್ ಟೌನ್ ರೈವಲ್ಸ್ ಅಂತ ಹೋಯ್ತು, ಡೈರೆಕ್ಟರ್ ಜಾಂಗ್ ಗ್ಯುಸಂಗ್. ಕೊರಿಯಾ ಅಂದ್ರೆ ನಮ್ಮ ಹುಡುಗರಿಗೆ ಸೀರಿಯಲ್ಲು, ಹಾಡು, ಇಲ್ಲಾಂದ್ರೆ ಕೊಡಲಿ ಹಿಡ್ಕೊಂಡು ಓಡಾಡೋ ಥ್ರಿಲ್ಲರ್ರು. ಕೆಸರು ತುಳ್ಕೊಂಡು, ಟ್ರ್ಯಾಕ್ಟರ್ ಓಡಿಸ್ಕೊಂಡು, ಪಂಚಾಯ್ತಿ ರಾಜಕೀಯ ಮಾಡೋ ಕೊರಿಯಾನ ಯಾರೂ ನಮಗೆ ತೋರಿಸೋದೇ ಇಲ್ಲ. ಹಾಗಂತ ಇದು ಮಹಾನ್ ಸಿನಿಮಾ ಅಂತ ನಾನು ಹೇಳ್ತಿಲ್ಲ, ಮೊದಲೇ ಹೇಳಿಬಿಡ್ತೀನಿ, ಆಮೇಲೆ ನನ್ನ ಬೈಬೇಡಿ. ಆದ್ರೆ ಇದರ ಹೊಟ್ಟೆಯೊಳಗೆ ಒಂದು ವಿಷಯ ಇದೆ, ಅದಕ್ಕೋಸ್ಕರ ಇವತ್ತು ಬಂದಿರೋದು.

ಕತೆ ಇಷ್ಟೆ. ಚುಂಗ್‌ಚಂಗ್ ಸೀಮೆಯ ಒಂದು ಹಳ್ಳಿ. ಸ್ಕೂಲಲ್ಲಿ ಇಬ್ರು ಹುಡುಗ್ರು, ಚುನ್‌ಸಾಮ್ ಮತ್ತೆ ಡೇಗ್ಯು. ಚುನ್‌ಸಾಮ್ ಯಾವಾಗ್ಲೂ ಕ್ಲಾಸ್ ಲೀಡರ್, ಡೇಗ್ಯು ಯಾವಾಗ್ಲೂ ವೈಸ್ ಲೀಡರ್. ಇಪ್ಪತ್ತು ಚಿಲ್ಲರೆ ವರ್ಷ ಆದ್ಮೇಲೆ ನೋಡಿದ್ರೆ ಚುನ್‌ಸಾಮ್ ಮದುವೇನೂ ಆಗದೆ, ಅಪ್ಪನ್ನ ನೋಡ್ಕೊಂಡು ಊರಲ್ಲೇ ಹೊಲ ಗೇಯ್ತಿದಾನೆ. ಊರಿನ ಮುದುಕ್ರೆಲ್ಲ ಸೇರಿ, ನಮಗೆ ಸಾಕಾಯ್ತು, ಈ ಸಲ ಚಿಕ್ಕ ವಯಸ್ಸಿನೋನೊಬ್ಬ ಇರ್ಲಿ ಅಂತ ಇವನ ಕುತ್ತಿಗೆಗೆ ಇಜಾಂಗ್ ಪಟ್ಟ ಕಟ್ತಾರೆ. ಅದೇ ಹೊತ್ತಿಗೆ ಗುನ್ಸು ಎಲೆಕ್ಷನ್ ಬಂದಿದೆ, ಕ್ಯಾಂಡಿಡೇಟ್ ಪೋಸ್ಟರ್ ನೋಡ್ತಾನೆ, ನೋಡಿದ್ರೆ ತನ್ನ ಕೈಕೆಳಗೆ ಇದ್ದ ಆ ವೈಸ್ ಲೀಡರ್ ಸೂಟ್ ಹಾಕ್ಕೊಂಡು ನಗ್ತಾ ನಿಂತಿದಾನೆ, ಗೆದ್ದೂ ಗೆಲ್ತಾನೆ. ಅಲ್ಲಿಗೆ ಇವನ ಹೊಟ್ಟೆಗೆ ಬೆಂಕಿ ಬಿತ್ತು.

ಹೊಟ್ಟೆಗೆ ಬೆಂಕಿ ಅಂದೆ ನೋಡಿ, ಇಲ್ಲೊಂದು ಸ್ವಾರಸ್ಯ ಇದೆ. ಕೊರಿಯನ್ನರಲ್ಲಿ ಒಂದು ಗಾದೆ, ದಾಯಾದಿ ಹೊಲ ತಗೊಂಡ್ರೆ ಹೊಟ್ಟೆ ನೋಯುತ್ತೆ ಅಂತ. ಅವರಿಗೂ ಮತ್ಸರ ಇರೋ ಜಾಗ ಹೊಟ್ಟೇನೇ! ಅವರಿಗೆ ನೋಯುತ್ತೆ ನಮಗೆ ಉರಿಯುತ್ತೆ ಅಷ್ಟೇ ವ್ಯತ್ಯಾಸ, ಬಹುಶಃ ನಾವು ಖಾರ ಜಾಸ್ತಿ ತಿಂತೀವೇನೋ ಅನ್ನೋಣ ಅಂದ್ರೆ ಅವರೇನ್ ಕಮ್ಮಿ ತಿಂತಾರಾ. ಇಂಗ್ಲಿಷ್ ಸಬ್‌ಟೈಟಲ್‌ನೋರು ಇಂಥ ಕಡೆ ಜೆಲಸ್ ಅಂತ ಒಂದು ಪದ ಹಾಕಿ ಮುಗಿಸ್ತಾರೆ. ನಮಗೆ ಹೊಟ್ಟೆಕಿಚ್ಚು ಅಂತ ಹೇಳಿದ್ರೆ ಸಾಕು, ಇಡೀ ಚುನ್‌ಸಾಮ್ ಕಣ್ಮುಂದೆ ಬಂದುಬಿಡ್ತಾನೆ.

ಈಗ ಈ ಕ್ಲಾಸ್ ಲೀಡರ್ ವಿಷಯ. ನಿಮ್ಮಲ್ಲಿ ಯಾರ್‍ಯಾರು ಲೀಡರ್ ಆಗಿದ್ರಿ ಕೈಯೆತ್ತಿ? ... ಹಾಂ, ನಾಲ್ಕು ಜನ, ನಾನೂ ಸೇರಿ ಐದು. ನೋಡಿ ನಲವತ್ತು ವರ್ಷ ಆದ್ರೂ ಕೈ ಹೆಂಗೆ ಟಕ್ಕಂತ ಮೇಲೆ ಬಂತು. ಮೇಷ್ಟ್ರು ಇಲ್ದಾಗ ಮಾತಾಡಿದೋರ ಹೆಸರು ಬೋರ್ಡ್ ಮೇಲೆ ಬರೆಯೋದು ನಮ್ಮ ಕೆಲಸ ತಾನೆ? ಕೊರಿಯಾದಲ್ಲೂ ಥೇಟ್ ಅದೇ, ಅಲ್ಲಿ ಲೀಡರನ್ನ ಬಾನ್‌ಜಾಂಗ್ ಅಂತಾರೆ, ಗಲಾಟೆ ಮಾಡಿದೋರು ಅಂತ ಬೋರ್ಡಲ್ಲಿ ತಲೆಬರಹ ಬರೆದು ಕೆಳಗೆ ಹೆಸರು ಬರೀತಾನೆ, ಮೇಷ್ಟ್ರು ಒಳಗೆ ಬಂದ ಕೂಡ್ಲೆ ಎದ್ದು ನಿಂತು ಇಡೀ ಕ್ಲಾಸಿಗೆ ಅಟೆನ್ಷನ್, ನಮಸ್ಕಾರ ಅಂತ ಆರ್ಡರ್ ಕೊಡ್ತಾನೆ. ವೈಸ್ ಲೀಡರ್ ಏನ್ಮಾಡ್ತಾನೆ? ಲೀಡರಿಗೆ ಜ್ವರ ಬರ್ಲಿ ಅಂತ ಕಾಯ್ತಾ ಕೂತಿರ್ತಾನೆ. ಈ ಕತೆಯಲ್ಲಿ ವರ್ಷಗಟ್ಟಲೆ ಕಾದಿದಾನೆ ಪಾಪ, ಜ್ವರ ಬರ್ಲೇ ಇಲ್ಲ.

ಚಿಕ್ಕ ಊರು, ಚಿಕ್ಕ ಸ್ಕೂಲು, ಬೇರೆ ಸೆಕ್ಷನ್ ಇಲ್ಲ, ವರ್ಷವರ್ಷ ಅದೇ ಮುಖಗಳು. ಹಾಗಾಗಿ ಅಲ್ಲಿ ಒಂದು ಸಲ ತೀರ್ಮಾನ ಆದ ಮೇಲು ಕೀಳು ಹಂಗೇ ಗಟ್ಟಿಯಾಗಿಬಿಡುತ್ತೆ. ಆಮೇಲೆ ಒಬ್ಬ ಗುನ್ಸು ಆಗ್ಲಿ ಪ್ರೆಸಿಡೆಂಟೇ ಆಗ್ಲಿ, ಇನ್ನೊಬ್ಬನ ತಲೇಲಿ ಅವನು ವೈಸ್ ಲೀಡರ್ರೇ. ಇನ್ನೂ ತಮಾಷೆ ಅಂದ್ರೆ ಗೆದ್ದೋನ ತಲೇಲೂ ಹಾಗೇ ಇರುತ್ತೆ. ಡೇಗ್ಯು ಇಡೀ ತಾಲೂಕಿನ ಓಟ್ ತಗೊಂಡಿದಾನೆ, ಆದ್ರೂ ಈ ಒಬ್ಬ ರೈತನ ಮುಖದಲ್ಲಿ ಒಂದು ಒಪ್ಪಿಗೆ ಕಾಣ್ಲಿ ಅಂತ ಒಳಗೊಳಗೇ ಕಾಯ್ತಾನೆ ಅಂತ ನನಗನ್ನಿಸುತ್ತೆ. ಸಿನಿಮಾ ನಗಿಸೋದು ಈ ಜಾಗದಿಂದ.

ಇದು 1995ಕ್ಕಿಂತ ಮುಂಚೆ ಆಗೋ ಕತೇನೇ ಅಲ್ಲ, ಅದನ್ನೂ ಹೇಳ್ಬೇಕು. 1961ರಲ್ಲಿ ಪಾರ್ಕ್ ಚುಂಗ್‌ಹೀ ಮಿಲಿಟರಿ ತಂದು ಅಧಿಕಾರ ಹಿಡಿದ್ಮೇಲೆ ಅಲ್ಲಿ ಸ್ಥಳೀಯ ಎಲೆಕ್ಷನ್ ನಿಂತೇಹೋಗಿತ್ತು. ಗುನ್ಸು ಅಂದ್ರೆ ಮೇಲಿಂದ ಕಳಿಸಿದ ಆಫೀಸರ್, ಇವತ್ತಿಲ್ಲಿ ನಾಳೆ ಇನ್ನೆಲ್ಲೋ. 1991ರಲ್ಲಿ ಸ್ಥಳೀಯ ಕೌನ್ಸಿಲ್‌ಗಳು ವಾಪಸ್ ಬಂದ್ವು, 1995ರ ಜೂನ್ 27ಕ್ಕೆ ಜನರೇ ಗುನ್ಸು ಆರಿಸೋದು ಶುರುವಾಯ್ತು. ಅಂದ್ರೆ ಸಹಪಾಠಿ ನಿಮ್ಮ ತಲೆ ಮೇಲೆ ಕೂರೋ ಸೌಭಾಗ್ಯ ಪ್ರಜಾಪ್ರಭುತ್ವ ಬಂದ್ಮೇಲೇ ಸಿಕ್ಕಿದ್ದು. ಹೊರಗಿನ ಆಫೀಸರ್ ಬಂದ್ರೆ ಬೈಕೊಂಡು ಸುಮ್ಮನಿರ್ತೀವಿ, ಹೊಟ್ಟೆ ಉರಿಯಲ್ಲ. ಉರಿಯೋದಕ್ಕೆ ಅವನು ನಮ್ಮ ಪಕ್ಕದ ಬೆಂಚಿನೋನೇ ಆಗಿರ್ಬೇಕು.

ಹಂಗಂತ ಹಳ್ಳಿಗಳ ಮಧ್ಯೆ ಪೈಪೋಟಿ ಅದಕ್ಕಿಂತ ಮೊದಲು ಇರ್ಲಿಲ್ಲ ಅಂತಲ್ಲ. 1970ರಲ್ಲಿ ಹೊಸ ಹಳ್ಳಿ ಚಳವಳಿ ಅಂತ ಶುರು ಮಾಡಿದ್ರು, ಸೆಮಾಉಲ್ ಅಂತಾರೆ. ಸುಮಾರು 33 ಸಾವಿರ ಹಳ್ಳಿಗೆ ತಲಾ 335 ಚೀಲ ಸಿಮೆಂಟ್ ಹಂಚಿದ್ರು, ಏನಾದ್ರೂ ಊರಿಗೆ ಕೆಲಸಕ್ಕೆ ಬರೋದು ಮಾಡ್ಕೊಳ್ಳಿ ಅಂತ. ಚೆನ್ನಾಗಿ ಮಾಡಿದ ಹಳ್ಳಿಗೆ ಮುಂದಿನ ಸಲ ಇನ್ನೂ 500 ಚೀಲ ಜೊತೆಗೊಂದು ಟನ್ ಕಬ್ಬಿಣ, ಮಾಡದೇ ಇದ್ದೋರಿಗೆ ಸೊನ್ನೆ. ಊರೂರಿಗೇ ಲೀಡರ್ ವೈಸ್ ಲೀಡರ್ ಮಾಡಿಟ್ಟ ಸ್ಕೀಮದು. ಚುನ್‌ಸಾಮ್, ಡೇಗ್ಯು ಥರದ ಹುಡುಗ್ರು ಹುಟ್ಟಿ ಬೆಳೆದಿದ್ದೇ ಆ ಗಾಳೀಲಿ.

ಈಗ ನನಗೆ ಇಷ್ಟವಾದ ಭಾಗಕ್ಕೆ ಬರ್ತೀನಿ, ಭಾಷೆ. ನನಗೆ ಕೊರಿಯನ್ ಅರ್ಧಂಬರ್ಧ, ಕಾಲು ಭಾಗ ಅನ್ನಿ, ಆದ್ರೆ ಕ್ರಿಯಾಪದದ ಬಾಲ ಹಿಡಿಯೋಷ್ಟು ಬರುತ್ತೆ. ಅಲ್ಲಿ ಮಾತಲ್ಲಿ ಎರಡು ದೊಡ್ಡ ಬಗೆ. ಜೊಂಡೇನ್‌ಮಾಲ್ ಅಂದ್ರೆ ಮರ್ಯಾದೆ ಮಾತು. ಇನ್ನೊಂದು ಬಾನ್‌ಮಾಲ್, ಪದಶಃ ಅರ್ಥ ಅರ್ಧ ಮಾತು! ಮರ್ಯಾದೆ ಬಾಲ ಕತ್ತರಿಸಿ ಆಡೋ ಮಾತು ಅಂತ. ಹೋಗು ಅನ್ನೋದಕ್ಕೆ ಗಾ ಅಂದ್ರೆ ಮುಗೀತು, ಅದೇ ದೊಡ್ಡೋರಿಗೆ ಗಾಸೆಯೊ, ಇನ್ನೂ ದೊಡ್ಡ ಸಭೆಗೆ ಗಾಸಿಪ್ಸಿಯೊ. ನಮ್ಮಲ್ಲಿ ಹೋಗು, ಹೋಗಿ, ತಾವು ದಯಮಾಡಿಸಿ ಇದ್ದ ಹಾಗೆ.

ಈ ಅರ್ಧ ಮಾತು ಯಾರ ಹತ್ರ ಆಡ್ಬಹುದು? ಚಿಕ್ಕೋರ ಹತ್ರ, ಮತ್ತೆ ಚಿಂಗು ಹತ್ರ. ಚಿಂಗು ಅಂದ್ರೆ ಫ್ರೆಂಡ್ ಅಂತ ಡಿಕ್ಷನರಿ ಹೇಳುತ್ತೆ ಆದ್ರೆ ಅದು ನಮ್ಮ ಫ್ರೆಂಡ್ ಅಲ್ಲ. ನಮ್ಮಲ್ಲಿ ಅರವತ್ತು ವರ್ಷದೋರು ಮೂವತ್ತರ ಹುಡುಗನ್ನ ನನ್ನ ಫ್ರೆಂಡು ಅಂತ ಪರಿಚಯ ಮಾಡಿಸ್ತಾರೆ. ಅಲ್ಲಿ ಚಿಂಗು ಅಂದ್ರೆ ಸಾಮಾನ್ಯವಾಗಿ ಒಂದೇ ವರ್ಷ ಹುಟ್ಟಿದೋರು. ಒಂದು ವರ್ಷ ದೊಡ್ಡೋನಾದ್ರೂ ಅವನು ಹ್ಯೊಂಗ್, ಅಣ್ಣ. ಅದಕ್ಕೇ ಹೊಸಬರು ಸಿಕ್ಕಿದ ಕೂಡ್ಲೆ ನೀವು ಯಾವ ಇಸವಿ ಅಂತ ಕೇಳ್ಬಿಡ್ತಾರೆ, ನಮ್ಮಲ್ಲಿ ನಿಮ್ಮದು ಯಾವೂರು ಅಂತ ಕೇಳಿದ ಹಾಗೆ, ಅದು ಗೊತ್ತಾಗದೆ ವಾಕ್ಯ ಮುಗಿಸೋಕೇ ಕಷ್ಟ. ಆ ಪದವನ್ನ ಚೀನೀ ಅಕ್ಷರದಲ್ಲಿ ಬರೆದ್ರೆ ಎರಡು ಅಕ್ಷರ, ಮೊದಲನೇದಕ್ಕೆ ಹತ್ತಿರದ ಅಂತ ಅರ್ಥ, ಎರಡನೇದಕ್ಕೆ ಹಳೆಯ ಅಂತ. ಹಳೇ ಫ್ರೆಂಡ್ ಅಂತ ಬೇರೆ ಹೇಳೋದೇ ಬೇಡ, ಚಿಂಗು ಒಳಗೇ ಹಳೇದು ಕೂತಿದೆ.

ಇನ್ನೊಂದು ಪದ ಇದೆ, ಹೆಣ್ಮಕ್ಕಳು ಕ್ಷಮಿಸ್ಬೇಕು. ನಾವು ಚಡ್ಡಿ ದೋಸ್ತ್ ಅಂತೀವಲ್ಲ, ಅವರು ಬುರಾಲ್ ಚಿಂಗು ಅಂತಾರೆ. ಹೊಳೇಲಿ ಬೆತ್ತಲೆ ಈಜಾಡಿ ಬೆಳೆದೋರು ಅಂತ. ಅಂದ್ರೆ ನಮ್ಮಲ್ಲಿ ಚಡ್ಡೀನಾದ್ರೂ ಇದೆ, ಅವರು ಅದನ್ನೂ ಬಿಟ್ಟಿದಾರೆ. ಬುರಾಲ್ ಅಂದ್ರೆ ಏನು ಅಂತ ನಾನು ಮೈಕಲ್ಲಿ ಹೇಳಲ್ಲ. (ಇಲ್ಲಿ ಮುಂದಿನ ಸಾಲಿನ ಅಜ್ಜ ಒಬ್ರು ಜೋರಾಗಿ ಹೇಳೇಬಿಟ್ರು, ರೆಕಾರ್ಡಿಂಗಲ್ಲಿದೆ.)

ಇವಿಷ್ಟೂ ತಲೇಲಿಟ್ಕೊಂಡು ಯೋಚಿಸಿ. ಚುನ್‌ಸಾಮ್ ಇಜಾಂಗ್, ಡೇಗ್ಯು ಗುನ್ಸು. ಆಫೀಸಲ್ಲಿ, ಸಭೇಲಿ, ನಾಲ್ಕು ಜನರ ಮುಂದೆ ಇಜಾಂಗ್ ಆದೋನು ಗುನ್ಸುಗೆ ಪೂರ್ತಿ ಮರ್ಯಾದೆ ಮಾತಾಡ್ಬೇಕು, ಹುದ್ದೆ ಹೆಸರಿನ ಕೊನೆಗೆ ನಿಮ್ ಅಂತ ಸೇರಿಸ್ಬೇಕು, ಗುನ್ಸುನಿಮ್, ಗುನ್ಸುಗಳೇ ಅಂತ. ಆದ್ರೆ ಇವನು ಅವನ ಬಾನ್‌ಜಾಂಗ್, ಬೆತ್ತಲೆ ದೋಸ್ತ್, ನಾಲಿಗೆ ಮೇಲೆ ಅರ್ಧ ಮಾತೇ ಬರೋದು. ಮರ್ಯಾದೆ ಕೊಟ್ರೆ ಸೋತ ಹಾಗೆ, ಕೊಡದೇ ಇದ್ರೆ ಜನ ಇವನನ್ನೇ ಒರಟ ಅಂತಾರೆ. ಚುಂಗ್‌ಚಂಗ್ ಸೀಮೆ ಭಾಷೆಯಲ್ಲಂತೂ ಇದು ಒಂದೇ ಒಂದು ಅಕ್ಷರದ ಆಟ. ಬೇರೆ ಕಡೆ ಯೊ ಅಂತ ಮುಗಿಯೋ ಮರ್ಯಾದೆ ಬಾಲ ಅಲ್ಲಿ ಯೂ ಆಗುತ್ತೆ, ಎಳೆದು ಯೂ...ಉ ಅಂತಾರೆ. ಯೂ ಬಂದ್ರೆ ಗುನ್ಸು, ಯೂ ಬಿದ್ದೋದ್ರೆ ವೈಸ್ ಲೀಡರ್. ಸಿನಿಮಾ ನೋಡ್ವಾಗ ಸಬ್‌ಟೈಟಲ್ ಓದೋದು ಒಂದೆರಡು ಸೀನ್ ಬಿಟ್ಟು ಬರೀ ವಾಕ್ಯದ ಬಾಲ ಕೇಳಿ, ಜಗಳ ಎಲ್ಲಿ ಏರ್ತಿದೆ ಎಲ್ಲಿ ಇಳೀತಿದೆ ಅಂತ ಕಿವಿಗೇ ಗೊತ್ತಾಗುತ್ತೆ. ಇಂಗ್ಲಿಷಲ್ಲಿ ಎಲ್ಲದಕ್ಕೂ ಒಂದೇ ಯೂ, ನೋಡಿ ಅದೂ ಯೂ ನೇ, ಆದ್ರೆ ನಾಯಿಗೂ ರಾಜನಿಗೂ ಅದೇ. ನೀನು ನೀವು ಇರೋ ನಮಗೆ ಈ ಸಿನಿಮಾ ಇಂಗ್ಲಿಷ್‌ನೋರಿಗಿಂತ ಜಾಸ್ತಿ ಅರ್ಥ ಆಗುತ್ತೆ ಅನ್ನೋದು ನನ್ನ ವಾದ, ಯಾರಾದ್ರೂ ಕೂತ್ಕೊಂಡು ಕನ್ನಡ ಸಬ್‌ಟೈಟಲ್ ಮಾಡಿದ್ರೆ ಹಬ್ಬ.

ಚುಂಗ್‌ಚಂಗ್‌ನೋರ ನಿಧಾನದ ಬಗ್ಗೆ ಕೊರಿಯಾದಲ್ಲಿ ಎಲ್ರಿಗೂ ಗೊತ್ತಿರೋ ಜೋಕಿದೆ. ಅಪ್ಪ ಗುಡ್ಡದ ಕೆಳಗೆ ಕೆಲಸ ಮಾಡ್ತಿರ್ತಾನೆ, ಮೇಲಿಂದ ಬಂಡೆ ಉರುಳುತ್ತೆ, ಮಗ ಕೂಗ್ತಾನೆ, ಅಪ್ಪಾ...ಆ... ಕಲ್ಲು... ಉರುಳ್ಕೊಂಡು... ಬರ್ತೈತೇ...ಯೂ...ಉ... ಅನ್ನೋಷ್ಟರಲ್ಲಿ ಅಪ್ಪ ಶಿವನ ಪಾದ ಸೇರಿರ್ತಾನೆ. ನಮ್ಮ ಕಡೆ ಯಾವ ಸೀಮೆಯೋರಿಗೆ ಈ ಜೋಕ್ ಹೊಂದುತ್ತೆ ಅಂತ ನಾನು ಹೇಳಿದ್ರೆ ಇಲ್ಲೇ ಹೊಡೆದಾಟ ಆಗುತ್ತೆ, ಬಿಡಿ.

ನಂದೇ ಒಂದು ಪ್ರಸಂಗ ಹೇಳ್ತೀನಿ. ನಮ್ಮ ಹೋಬಳಿ ಸ್ಕೂಲಲ್ಲಿ ನಾನು ಲೀಡರ್. ಬೋರ್ಡ್ ಮೇಲೆ ನಾನು ದಿನಾ ಬರೀತಿದ್ದ ಹೆಸರೊಂದಿತ್ತು, ಅವನು ಮಾತಾಡಿರ್ಲಿ ಬಿಟ್ಟಿರ್ಲಿ ಬರೀತಿದ್ದೆ. ಮೂವತ್ತು ವರ್ಷದ ಮೇಲೆ ಪಹಣೀಲಿ ನಮ್ಮಪ್ಪನ ಹೆಸರು ತಪ್ಪಾಗಿತ್ತು ಅಂತ ಒಂದು ಆಫೀಸಿಗೆ ಹೋದೆ, ಸಾಹೇಬ್ರ ರೂಮಿಗೆ ಕಳಿಸಿದ್ರು, ನೋಡಿದ್ರೆ ಅವನೇ ಕೂತಿದಾನೆ. ಜವಾನ ಪಕ್ಕದಲ್ಲೇ ನಿಂತಿದಾನೆ. ಏನೋ ಅಂತ ಅನ್ನೋ ಹಾಗಿಲ್ಲ, ಸಾರ್ ಅನ್ನೋಕೆ ನಾಲಿಗೆ ಏಳಲ್ಲ. ಆಗ ನಾನು ಏನಂದೆ ಗೊತ್ತಾ? ಊಟ ಆಯ್ತಾ? ಅಂದೆ. ಅವನೂ ಕಮ್ಮಿ ಇಲ್ಲ, ಹೂಂ ಆಯ್ತು, ಯಾವಾಗ ಬಂದಿದ್ದು? ಅಂದ. ಹದಿನೈದು ನಿಮಿಷ ಮಾತಾಡಿದ್ವಿ ಸ್ವಾಮಿ, ನೀನು ಇಲ್ಲ ನೀವು ಇಲ್ಲ. ಮನೇಲಿ ಎಲ್ಲಾ ಆರಾಮಾ, ಈಗ ಇರೋದು ಎಲ್ಲಿ, ಮಕ್ಕಳು ಓದ್ತಿರೋದು ಏನು, ಕಾಫಿ ತರಿಸೋದಾ. ಕನ್ನಡ ಎಂಥ ದಯಾಮಯಿ ಭಾಷೆ ಅಂತ ಅವತ್ತು ಗೊತ್ತಾಯ್ತು, ಕರ್ತೃನೇ ಇಲ್ದೆ ಒಂದು ಗಂಟೆ ಸಂಸಾರ ಮಾಡ್ಬಹುದು. ಕೊರಿಯನ್ನರೂ ಇಂಥ ಕಡೆ ವಾಕ್ಯದ ಬಾಲ ನುಂಗಿಬಿಡ್ತಾರೆ, ಮಾತಿನ ಕೊನೆ ಮಸುಕು ಮಾಡೋದು ಅಂತಾನೇ ಅದಕ್ಕೊಂದು ನುಡಿಗಟ್ಟಿದೆ.

ಸರಿ, ಕತೆಗೆ ಬರೋಣ. ಇಬ್ರ ಜಗಳ ದೊಡ್ಡದಾಗೋದು ಅಣುತ್ಯಾಜ್ಯದ ವಿಷಯಕ್ಕೆ. ಗುನ್ಸು, ನಮ್ಮೂರು ಬಡ ಊರು, ಅಣುತ್ಯಾಜ್ಯ ಇಡೋ ಕೇಂದ್ರ ತಂದ್ರೆ ದುಡ್ಡು ಬರುತ್ತೆ ಅಂತಾನೆ. ಇಜಾಂಗ್ ಅದರ ವಿರುದ್ಧ ಹೋರಾಟಕ್ಕೆ ನಿಲ್ತಾನೆ. ಕಾಮಿಡಿ ಸಿನಿಮಾಗೆ ಇದೆಂಥ ವಿಷಯ ಅನ್ನಿಸ್ಬಹುದು, ಆದ್ರೆ 2007ರಲ್ಲಿ ಥಿಯೇಟರಲ್ಲಿ ಕೂತಿದ್ದ ಕೊರಿಯನ್ನರಿಗೆ ಇದು ಹಸೀ ಗಾಯ. ಜಾಗ ಹುಡುಕೋದು 1986ರಿಂದ ನಡೀತಿತ್ತು. 1990ರಲ್ಲಿ ಆನ್‌ಮ್ಯೊನ್‌ಡೊ ಅನ್ನೋ ದ್ವೀಪದಲ್ಲಿ ಗುಟ್ಟಾಗಿ ಮಾಡೋಕೆ ಹೊರಟಿದಾರೆ ಅಂತ ಗೊತ್ತಾಗಿ ಜನ ರೊಚ್ಚಿಗೆದ್ದು ವಿಜ್ಞಾನ ಮಂತ್ರಿ ಖುರ್ಚಿ ಹೋಯ್ತು. ಆ ದ್ವೀಪ ಇರೋದು ಚುಂಗ್‌ಚಂಗ್‌ನಲ್ಲೇ, ಸಿನಿಮಾ ನಡೆಯೋ ಸೀಮೇಲಿ. ನಿಧಾನದ ಜನ ಅಂತ ಜೋಕ್ ಮಾಡ್ತಾರಲ್ಲ, ಅವರೇ.

ಆಮೇಲೆ ಬುವಾನ್. ಸಿನಿಮಾಗೆ ನೇರ ನೆರಳು ಅಂದ್ರೆ ಇದು ಅಂತ ನನ್ನ ಅನಿಸಿಕೆ. 2003ರ ಜುಲೈಲಿ ಬುವಾನ್‌ನ ಗುನ್ಸು, ನಮ್ಮ ವಿಡೊ ದ್ವೀಪದಲ್ಲಿ ಮಾಡಿ ಅಂತ ಸರ್ಕಾರಕ್ಕೆ ಅರ್ಜಿ ಹಾಕಿಬಿಟ್ಟ, ಕೌನ್ಸಿಲ್ ಒಪ್ಪಿಗೆ ಇಲ್ಲ, ಜನರನ್ನ ಕೇಳಿಲ್ಲ. ತಿಂಗಳುಗಟ್ಟಲೆ ರಾತ್ರಿ ರಾತ್ರಿ ಮೇಣದಬತ್ತಿ ಹಿಡ್ಕೊಂಡು ಸಭೆ, ಹೈವೇ ಬಂದ್, ಮಕ್ಕಳನ್ನ ಸ್ಕೂಲಿಗೆ ಕಳಿಸೋದೇ ನಿಲ್ಲಿಸಿದ್ರು. ಸೆಪ್ಟೆಂಬರಲ್ಲಿ ಆ ಗುನ್ಸು ನೇಸೊಸಾ ಅನ್ನೋ ಬೌದ್ಧ ದೇವಸ್ಥಾನಕ್ಕೆ ಹೋಗಿದ್ದಾಗ ಊರಿನ ಜನಾನೇ ಹಿಡಿದು ಹೊಡೆದು ಆಸ್ಪತ್ರೆ ಸೇರಿಸಿದ್ರು. 2004ರ ಫೆಬ್ರವರೀಲಿ ಸರ್ಕಾರದ ಹಂಗಿಲ್ದೆ ಜನರೇ ಮತದಾನ ಇಟ್ಕೊಂಡ್ರು, ನೂರಕ್ಕೆ 72 ಜನ ಬಂದು ಓಟ್ ಹಾಕಿದ್ರು, ಹಾಕಿದೋರಲ್ಲಿ ಸುಮಾರು 92 ಜನ ಬೇಡ ಅಂದ್ರು. ಅಲ್ಲಿಗೆ ಯೋಜನೆ ಬಿತ್ತು.

ಸರ್ಕಾರ ಪಾಠ ಕಲೀತು, ಅಥವಾ ವ್ಯಾಪಾರ ಕಲೀತು. ಬಳಸಿದ ಇಂಧನದಂಥ ತೀರಾ ಅಪಾಯದ್ದು ಇಲ್ಲಿಗೆ ತರಲ್ಲ, ಕೈಗವಸು, ಬಟ್ಟೆ, ಫಿಲ್ಟರ್ ಥರದ ಕಡಿಮೆ ಮತ್ತೆ ಮಧ್ಯಮ ವಿಕಿರಣದ ಕಸ ಮಾತ್ರ ಅಂತ ಬೇರೆ ಮಾಡಿದ್ರು. ಒಪ್ಪಿದ ಊರಿಗೆ 30,000 ಕೋಟಿ ವಾನ್ ಅಂದ್ರು, ಅಣು ವಿದ್ಯುತ್ ಕಂಪನಿಯ ಹೆಡ್ ಆಫೀಸನ್ನೂ ಅಲ್ಲಿಗೇ ತರ್ತೀವಿ ಅಂದ್ರು. 2005ರ ನವೆಂಬರ್ 2ಕ್ಕೆ ನಾಲ್ಕು ಊರಲ್ಲಿ ಒಟ್ಟಿಗೆ ಮತದಾನ, ನಿನ್ನೆವರೆಗೆ ಬೇಡ ಬೇಡ ಅಂತಿದ್ದದ್ದು ಈಗ ನಂಗೆ ನಂಗೆ ಅಂತ ಪೈಪೋಟಿ ಆಯ್ತು! 89.5% ಹೌದು ಅಂತ ಗ್ಯೊಂಗ್‌ಜು ಗೆದ್ದಿತು, 84.4% ತಗೊಂಡ ಗುನ್ಸಾನ್ ಸೋತಿತು. ನೂರಕ್ಕೆ 84 ಜನ ಕಸ ಬೇಕು ಅಂದ್ರೂ ಎರಡನೇ ಸ್ಥಾನ. ಪಾಪ, ವೈಸ್ ಲೀಡರ್.

ನಮ್ಮ ರಾಜ್ಯದಲ್ಲೂ ಈ ಬಿಸಿ ಒಮ್ಮೆ ತಗುಲಿದೆ, ಕೋಲಾರದ ಕಡೆಯೋರಿಗೆ ನೆನಪಿರ್ಬೇಕು. 2012ರ ಕೊನೇಲಿ ತಮಿಳುನಾಡಿನ ಕೂಡಂಕುಳಂ ಅಣು ವಿದ್ಯುತ್ ಸ್ಥಾವರದ ಕೇಸ್ ಸುಪ್ರೀಂ ಕೋರ್ಟಲ್ಲಿ ನಡೀವಾಗ ಅಣುತ್ಯಾಜ್ಯಕ್ಕೆ ಕೆಜಿಎಫ್ ಹಳೇ ಗಣಿ ಹೆಸರು ಬಂತು, ಊರೆಲ್ಲ ಬೀದಿಗಿಳೀತು, ಆಮೇಲೆ ಅಲ್ಲಿ ತಂದು ಹಾಕೋ ಪ್ಲಾನ್ ಇಲ್ಲ ಅಂತ ಸ್ಪಷ್ಟೀಕರಣ ಬಂತು. ಚಿನ್ನ ತೆಗೆದಾದ ಮೇಲೆ ಗುಂಡಿಗೆ ಕಸ ಅನ್ನೋ ಮಾತು ಆ ಜನಕ್ಕೆ ಹೆಂಗನ್ನಿಸಿರುತ್ತೆ ಅಂತ ಯೋಚಿಸಿದ್ರೆ ಬುವಾನ್ ದೂರದ ಊರು ಅನ್ಸಲ್ಲ.

ನನಗೆ ಸಿನಿಮಾ ಮೇಲೆ ಸಿಟ್ಟಿರೋದೂ ಇಲ್ಲೇ. ಇದರಲ್ಲಿ ಬೇಕ್ ಸಜಾಂಗ್, ಅಂದ್ರೆ ಬೇಕ್ ಧಣಿ, ಅಂತ ಊರಿನ ಹಳೇ ಕುಳ ಒಬ್ಬ ಇದಾನೆ, ಬ್ಯೊನ್ ಹೀಬೊಂಗ್ ಮಾಡಿದಾರೆ, 2023ರಲ್ಲಿ ತೀರ್ಕೊಂಡ್ರಲ್ಲ ಆ ಹಿರಿಯ ನಟ. ಹೊಸ ಗುನ್ಸು ಲಂಚ ಮುಟ್ಟಲ್ಲ, ಹಾಗಾಗಿ ಈ ಕುಳನ ವ್ಯವಹಾರ ನಡೆಯಲ್ಲ, ಅದಕ್ಕೆ ಚುನ್‌ಸಾಮ್‌ನ ಹೊಟ್ಟೆಕಿಚ್ಚಿಗೆ ಗಾಳಿ ಹಾಕ್ತಾನೆ. ಕತೆಗೆ ಚೆನ್ನಾಗಿದೆ, ಬ್ಯೊನ್ ಹೀಬೊಂಗ್ ಅಂತೂ ನಕ್ಕರೂ ಭಯ ಆಗುತ್ತೆ. ಆದ್ರೆ ಹಿಂಗೆ ಮಾಡೋದ್ರಿಂದ ಹೋರಾಟ ಮಾಡಿದೋರೆಲ್ಲ ಯಾರದೋ ಕೈಗೊಂಬೆ ಅನ್ನೋ ಅರ್ಥ ಬಂದುಬಿಡುತ್ತೆ. ಬುವಾನ್‌ನಲ್ಲಿ ರಾತ್ರಿ ಮೇಣದಬತ್ತಿ ಹಿಡ್ಕೊಂಡು ಕೂತ ಅಜ್ಜಿಯರಿಗೆ ಯಾವ ಕುಳಾನೂ ಗಾಳಿ ಹಾಕಿರ್ಲಿಲ್ಲ. ಇಬ್ರು ಫ್ರೆಂಡ್ಸ್ ಜಗಳ ಮುಖ್ಯ ಆಗ್ಬೇಕು ಅಂತ ಡೈರೆಕ್ಟರ್ ಒಂದು ನಿಜವಾದ ಪ್ರಶ್ನೇನ ಪಕ್ಕಕ್ಕೆ ತಳ್ಳಿದಾರೆ. ದ್ವಿತೀಯಾರ್ಧದಲ್ಲಿ ಅಳು ಜಾಸ್ತಿ ಆಗುತ್ತೆ, ಅದು ಆ ಕಾಲದ ಕೊರಿಯನ್ ಕಾಮಿಡಿಗಳ ರೋಗ, ಮೊದಲ ಒಂದು ಗಂಟೆ ನಗಿಸಿ ಆಮೇಲೆ ಕರ್ಚೀಫ್ ಕೊಡ್ತಾರೆ.

ನಟರ ಬಗ್ಗೆ ಹೇಳದೆ ಬಿಟ್ರೆ ಪಾಪ ಬರುತ್ತೆ. ರೈತ ಚುನ್‌ಸಾಮ್ ಮಾಡಿರೋದು ಚಾ ಸುಂಗ್‌ವನ್, ಆರಡಿ ಮೇಲೆ ಎತ್ತರ, ಸಿನಿಮಾಗೆ ಬರೋ ಮುಂಚೆ ಮಾಡೆಲ್. ಸೂಟಿನ ಗುನ್ಸು ಮಾಡಿರೋದು ಯೂ ಹೇಜಿನ್, ಇವರ ಮುಖ ನೋಡಿದ್ರೆ ಸಂತೆಯಲ್ಲಿ ಈರುಳ್ಳಿ ಮಾರೋರು ಯಾರೋ ನೆನಪಾಗ್ತಾರೆ, ಪ್ರೀತಿಯಿಂದ ಹೇಳ್ತಿದೀನಿ. ಬೇರೆ ಯಾರಾದ್ರೂ ಆಗಿದ್ರೆ ಉಲ್ಟಾ ಹಾಕ್ತಿದ್ರು. ಇಲ್ಲಿ ಮಾಡೆಲ್‌ಗೆ ಮಣ್ಣು ಮೆತ್ತಿ, ಈರುಳ್ಳಿಯೋನಿಗೆ ಟೈ ಕಟ್ಟಿದಾರೆ, ಇಬ್ರೂ ಪಕ್ಕಪಕ್ಕ ನಿಂತ್ರೆ ಸಾಕು ಅರ್ಧ ಜೋಕ್ ಆಗೇಹೋಯ್ತು. ಯೂ ಹೇಜಿನ್ ಹುಟ್ಟಿದ್ದು ಚುಂಗ್‌ಚಂಗ್‌ನ ಚಂಗ್‌ಜು ಊರಲ್ಲಿ, ಆ ಯೂ ಬಾಲ ಅವರ ಮನೆ ಮಾತು.

ಚಾ ಸುಂಗ್‌ವನ್‌ಗೆ ಈ ತಲೆಕೆಳಗಿನ ಆಟ ಹೊಸದಲ್ಲ. 2001ರಲ್ಲಿ ಕಿಕ್ ದ ಮೂನ್ ಅಂತ ಬಂದಿತ್ತು, ಅಲ್ಲೂ ಇಬ್ರು ಹಳೇ ಸಹಪಾಠಿಗಳು. ಸ್ಕೂಲಲ್ಲಿ ಹೊಡೆದಾಡ್ಕೊಂಡಿದ್ದೋನು ಪಿಟಿ ಮೇಷ್ಟ್ರಾಗಿದಾನೆ, ಪುಸ್ತಕದ ಹುಳ ರೌಡಿ ಆಗಿದಾನೆ, ಇಬ್ರೂ ಒಬ್ಬಳ ಹಿಂದೆ ಬಿದ್ದು ಕಿತ್ತಾಡ್ತಾರೆ. ಮೇಷ್ಟ್ರು ಇವರೇ. ಆ ಸಿನಿಮಾ ನಡೆಯೋ ಊರು ಯಾವುದು ಹೇಳಿ? ಗ್ಯೊಂಗ್‌ಜು. ಆಮೇಲೆ ಅಣುಕಸ ಗೆದ್ಕೊಂಡ ಅದೇ ಊರು. ಯಾರೂ ಪ್ಲಾನ್ ಮಾಡಿದ್ದಲ್ಲ, ಆದ್ರೂ ನನಗೆ ಖುಷಿ.

ಇನ್ನು ತೆರೆ ಹೊರಗೆ. ಇಬ್ರೂ ಹುಟ್ಟಿದ್ದು 1970ರಲ್ಲಿ, ಯೂ ಹೇಜಿನ್ ಜನವರಿ, ಚಾ ಸುಂಗ್‌ವನ್ ಜೂನ್. ಒಂದೇ ಇಸವಿ, ಹಾಗಾಗಿ ಚಿಂಗು, ಅರ್ಧ ಮಾತಿನ ಲೈಸೆನ್ಸ್ ಇದೆ. 2015ರಲ್ಲಿ ಒಂದು ಟಿವಿ ಕಾರ್ಯಕ್ರಮಕ್ಕೆ ಇಬ್ರನ್ನೂ ಮಾನ್‌ಜೇಡೊ ಅನ್ನೋ ಮೂಲೆ ದ್ವೀಪಕ್ಕೆ ಕರ್ಕೊಂಡ್ಹೋಗಿ ಬಿಟ್ರು, ಮೂರು ಹೊತ್ತೂ ನೀವೇ ಹಿಡಿದು ನೀವೇ ಬೇಯಿಸ್ಕೊಂಡು ತಿನ್ನಿ ಅಂತ. ಆ ಮಾಡೆಲ್ ಮನುಷ್ಯ ಒಲೆ ಮುಂದೆ ಕೂತು ಎಂಥ ಅಡುಗೆ ಮಾಡಿದ್ರು ಅಂದ್ರೆ ಜನ ಅವರಿಗೆ ಚಾಜುಮ್ಮಾ ಅಂತ ಹೆಸರಿಟ್ರು, ಆಜುಮ್ಮಾ ಅಂದ್ರೆ ಆಂಟಿ, ಚಾ ಆಂಟಿ. ಯೂ ಹೇಜಿನ್ ಬೆಳಗ್ಗೆ ಗಾಳ ತಗೊಂಡು ಹೋಗೋದು, ಸಂಜೆ ಬರಿಗೈಲಿ ಮುಖ ಸಣ್ಣ ಮಾಡ್ಕೊಂಡು ಬರೋದು, ಇವರು ಗೊಣಗ್ತಾ ತಟ್ಟೆ ಇಡೋದು. ಒಂದಿನ ಯೂ ಹೇಜಿನ್ ಕೈಲಿದ್ದ ಸಾಮಾನಲ್ಲೇ ಓವನ್ ಕಟ್ಟಿದ್ರು, ಚಾ ಸುಂಗ್‌ವನ್ ಅದರಲ್ಲಿ ಬ್ರೆಡ್ ಸುಟ್ಟರು. ಸಿನಿಮಾ ನೋಡಿದ್ಮೇಲೆ ಇದನ್ನ ನೋಡಿ, ಚುನ್‌ಸಾಮ್ ಡೇಗ್ಯು ರಾಜಕೀಯ ಬಿಟ್ಟು ವಯಸ್ಸಾದ್ಮೇಲೆ ಒಂದೇ ಮನೇಲಿ ಕೂತು ಉಪ್ಪು ಜಾಸ್ತಿ ಆಯ್ತು ಅಂತ ಕಿತ್ತಾಡ್ತಿದಾರೆ ಅನ್ನಿಸುತ್ತೆ.

ಪ್ರಶ್ನೆ ಇದ್ರೆ ಕೇಳಿ. 

ಒಬ್ರು ಮೇಡಂ ಕೇಳಿದ್ರು, ಕೊನೇಲಿ ಇಬ್ರೂ ಒಂದಾಗ್ತಾರಾ? ಹೇಳಲ್ಲ ಮೇಡಂ, ನೋಡಿ, ವಾಕ್ಯದ ಬಾಲ ಕೇಳಿಸ್ಕೊಳ್ಳಿ, ನಿಮಗೇ ಗೊತ್ತಾಗುತ್ತೆ.

ಆಮೇಲೆ ಮುಂದಿನ ಸಾಲಿನ ಆ ಅಜ್ಜ ಎದ್ರು. ಅದಿರ್ಲಿ ಮಾರಾಯಾ, ಆ ಸಾಹೇಬ್ರು ಅಂದ್ಯಲ್ಲ, ನಿನ್ನ ಕ್ಲಾಸ್‌ಮೇಟು, ಪಹಣಿ ಸರಿ ಮಾಡ್ಕೊಟ್ನಾ?

ಮಾಡ್ಕೊಟ್ಟ ಅಜ್ಜ, ಅವತ್ತೇ.

ಮತ್ತೆ ಈಗ ಫೋನಲ್ಲಿ ಏನಂತ ಕರೀತಿಯಾ ಅವನ್ನ?

ಇನ್ನೂ ಊಟ ಆಯ್ತಾ ಅನ್ನೋದ್ರಲ್ಲೇ ಇದೀನಿ ಅಜ್ಜ. ಮೊನ್ನೆ ಬೆಳಗ್ಗೆ ಏಳು ಗಂಟೆಗೆ ಫೋನ್ ಮಾಡಿ ಊಟ ಆಯ್ತಾ ಅಂದೆ, ಒಂದು ನಿಮಿಷ ಸುಮ್ಮನಿದ್ದ, ಆಮೇಲೆ ಅಂದ, ಬೋರ್ಡ್ ಮೇಲೆ ಹೆಸರು ಬರೆಯೋವಾಗ ಇಷ್ಟು ಯೋಚನೆ ಇತ್ತಾ?